ತಮಟೆ ಆರಿದ ಸಂಜೆ

ಶಾಲು ಕಂಡರೆ ನನಗೆ ಮೈ ಉರಿಯುತ್ತದೆ. ಚಳಿಗೆ ಹೊದೆಯುವ ಶಾಲಿನ ಮಾತಲ್ಲ. ವೇದಿಕೆಯ ಮೇಲೆ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿಯ ಜೊತೆ ಬರುತ್ತದಲ್ಲ, ಆ ಶಾಲು. ನಮ್ಮ ಬನಶಂಕರಿಯಲ್ಲಿ ಅದನ್ನು ಹೊದ್ದುಕೊಳ್ಳದೆ ಅರವತ್ತು ದಾಟಿದವರು ಯಾರೂ ಇಲ್ಲ. ನಿಮ್ಮ ಮನೆಯ ಬೀರುವಿನಲ್ಲೂ ಎರಡಾದರೂ ಇದ್ದೇ ಇರುತ್ತವೆ, ತೆಗೆದು ನೋಡಿ.

ಸಿಟ್ಟಿಗೆ ಕಾರಣ ಒಂದು ಬ್ಯಾಂಡು. ಹೆಸರು ‘ಅಡ್ಡರಸ್ತೆ’. ಎರಡು ಗಿಟಾರು, ಒಂದು ಪಿಟೀಲು, ಒಂದು ತಮಟೆ, ಅಷ್ಟೆ. ಅವರನ್ನು ಮೊದಲು ಕೇಳಿದ್ದು ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲೇಜಿನ ಹಬ್ಬದಲ್ಲಿ. ಹುಡುಗರು ಕುಣಿಯದ ಹಾಗೆ ನೋಡಿಕೊಳ್ಳುವ ಶಿಸ್ತು ಸಮಿತಿಯಲ್ಲಿ ನನ್ನನ್ನು ಹಾಕಿದ್ದರು. ಕೈಕಟ್ಟಿ ನಿಂತು ಹುಬ್ಬು ಗಂಟಿಕ್ಕಿದ್ದೆ. ಎರಡನೇ ಹಾಡಿಗೆ ನನ್ನ ಕಾಲೇ ತಾಳ ಹಾಕತೊಡಗಿತು. ಆಮೇಲೆ ಜೆ.ಪಿ. ನಗರ, ಜಯನಗರ, ತಲಘಟ್ಟಪುರ ಎಂದು ಅವರು ನುಡಿಸಿದಲ್ಲೆಲ್ಲ ಹೋದೆ. ಒಮ್ಮೆ ಗೇಟಿನಲ್ಲಿ ಒಬ್ಬ ಹುಡುಗಿ, “ಆಂಟಿ, ಮಗನ್ನ ಕರ್ಕೊಂಡು ಹೋಗೋಕ್ ಬಂದ್ರಾ?” ಎಂದಳು. “ಇಲ್ಲಮ್ಮ, ನಾನೇ ಬಂದಿರೋದು” ಎಂದು ಟಿಕೆಟ್ ತೋರಿಸಿದೆ.

ಅವರು ಕೊನೆಗೆ ಹಾಡುವುದು ಮುಚ್ಚಿಹೋದ ಕೆರೆಯೊಂದರ ಹಾಡು. ಪಿಟೀಲು ಒಂಟಿಯಾಗಿ ಶುರುಮಾಡುತ್ತದೆ. ನಡುವೆ ಮಾತು ನಿಂತು ಮುನಿರಾಜುವಿನ ತಮಟೆ ಮಾತ್ರ ಉಳಿಯುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ಕಣ್ಣಲ್ಲಿ ನೀರು ಬಂದದ್ದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಅದರ ಧ್ವನಿಮುದ್ರಣ ಎಲ್ಲೂ ಇಲ್ಲ. ಕೇಳಿದರೆ ಮುನಿರಾಜು, “ಎದುರ್ಗಡೆ ಜನ ಇದ್ರೇನೇ ಅದು ಮೇಡಂ. ಡಬ್ಬಕ್ಕೆ ಹಾಕಿದ್ರೆ ಸತ್ತೋಗುತ್ತೆ” ಎನ್ನುತ್ತಾನೆ.

ಈ ಮುನಿರಾಜು ಕೋಣನಕುಂಟೆಯವನು. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಬದುಕಿಗೆ ತಮಟೆಯ ಹಂಗಿಲ್ಲ, ಆದರೂ ಬಿಟ್ಟಿರಲಿಲ್ಲ. ಅವನದು ಚರ್ಮದ ತಮಟೆ. ನುಡಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಚರ್ಮ ಬಿಗಿಯಬೇಕು, ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಆರಿದರೆ ನಾದ ಸೊರಗುತ್ತದೆ, ಮತ್ತೆ ಕಾಯಿಸಬೇಕು. ಕಳೆದ ವರ್ಷ ಅವನ ಭುಜದ ಕೀಲು ಸವೆದು, ಡಾಕ್ಟರು ಇನ್ನು ಸಾಕು ಎಂದುಬಿಟ್ಟರು. ಅವನಿಲ್ಲದೆ ಆ ಹಾಡಿಲ್ಲ.

ಅದಕ್ಕೇ ನಮ್ಮ ನಿವಾಸಿಗಳ ಸಂಘದವರ ತಲೆ ತಿಂದು, ರಾಜ್ಯೋತ್ಸವಕ್ಕೆ ಅಡ್ಡರಸ್ತೆಯನ್ನೇ ಕರೆಸಿದೆ. ಅದು ಮುನಿರಾಜುವಿನ ಕಡೆಯ ಕಚೇರಿ. ಮೈದಾನದ ಪಕ್ಕದಲ್ಲೇ ಹೆರಿಗೆ ಆಸ್ಪತ್ರೆ, ಹಾಗಾಗಿ ಏಳು ಗಂಟೆಗೆ ಮೈಕು, ವಾದ್ಯ ಎಲ್ಲ ಬಂದ್.

ನಾಲ್ಕೂವರೆಗೆ ಹಾಡು ಶುರುವಾಯಿತು. ಎರಡು ಹಾಡು ಮುಗಿಯುವಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ಪಟ್ಟಿ ಹಿಡಿದು ವೇದಿಕೆ ಹತ್ತಿದರು. “ಒಂದೈದೇ ನಿಮಿಷ, ಗಣ್ಯರಿಗೆ ಸನ್ಮಾನ.” ಮಾಜಿ ಅಧ್ಯಕ್ಷರು, ಅವರಿಗಿಂತ ಮಾಜಿ ಅಧ್ಯಕ್ಷರು, ಶಾಮಿಯಾನ ಕೊಟ್ಟವರು. ಬೇವಿನ ಸಸಿ ನೆಟ್ಟವರೊಬ್ಬರು. ಸಸಿ ಬದುಕಿತೋ ಇಲ್ಲವೋ ಯಾರೂ ಹೇಳಲಿಲ್ಲ. ಶಾಲು ಹೊದಿಸಿದ ಮೇಲೆ ಫೋಟೊದವನು “ಸಾರ್ ಇನ್ನೊಂದ್ಸಲ” ಎಂದರೆ ಶಾಲು ತೆಗೆದು ಮತ್ತೆ ಹೊದಿಸುವುದು. ಮತ್ತೊಂದು ಹಾಡು, ಮತ್ತೆ ಮೂವರು ಗಣ್ಯರು. ವೇದಿಕೆಯ ಹಿಂದೆ ಮುನಿರಾಜು ಹಳೆಯ ಪೇಪರು ಉರಿಸಿ ತಮಟೆ ಕಾಯಿಸುವುದು, ಇಲ್ಲಿ ಮಾನಪತ್ರ ಓದುವುದು, ಅಲ್ಲಿ ತಮಟೆ ಆರುವುದು. ನನಗೆ ಹಲ್ಲು ಕಡಿಯುವಷ್ಟು ಕೋಪ. ಸಂಗೀತಗಾರರನ್ನು ಕರೆಸಿ, ಕೂರಿಸಿ, ಅವರ ಕಣ್ಣೆದುರೇ ಅವರ ಹೊತ್ತನ್ನು ಹಂಚಿಕೊಂಡು ತಿನ್ನುವುದಕ್ಕೆ ಎಂಥ ದಪ್ಪ ಚರ್ಮ ಬೇಕು!

ಬೇಗೂರಿನಲ್ಲಿ ಒಂದು ವೀರಗಲ್ಲಿದೆ. ಬೆಂಗಳೂರಿನ ಹೆಸರನ್ನು ಸಾವಿರ ವರ್ಷಕ್ಕೂ ಹಿಂದೆಯೇ ಕೆತ್ತಿರುವ ಕಲ್ಲು. ಆ ಕಾಲದಲ್ಲಿ ಕಲ್ಲಿನ ಮೇಲೆ ಹೆಸರು ಬರಬೇಕಾದರೆ ಯುದ್ಧಕ್ಕೆ ಹೋಗಿ ಸಾಯಬೇಕಿತ್ತು. ಸತ್ತವನು ಮೈಕು ಕೇಳುತ್ತಿರಲಿಲ್ಲ. ಕಲ್ಲು ನೆಡುವುದಕ್ಕಾಗಿ ಯಾರೂ ಯುದ್ಧವನ್ನು ನಡುವೆ ನಿಲ್ಲಿಸುತ್ತಲೂ ಇರಲಿಲ್ಲ. ಈಗ ನೋಡಿ, ಮಾಸಿಕ ಚಂದಾ ಕಟ್ಟಿದವನಿಗೂ ಪೇಟ.

ಆರೂವರೆ ದಾಟಿತು. ಪಿಟೀಲಿನವಳು ಶ್ರುತಿ ಮಾಡಿಕೊಂಡಳು. ಮುನಿರಾಜು ಕಾಯಿಸಿದ ತಮಟೆ ಹಿಡಿದು ಬಂದು ನಿಂತ. ಕೆರೆಯ ಹಾಡು! ಕುರ್ಚಿಯ ತುದಿಗೆ ಸರಿದು ಕೂತೆ. ಆಗ ಕಾರ್ಯದರ್ಶಿಗಳು ಮತ್ತೆ ಮೈಕು ಹಿಡಿದರು. “ಈ ಬ್ಯಾಂಡ್ ಕರೆಸೋದಕ್ಕೆ ಕಾರಣರಾದ ನಮ್ಮ ಮೇಡಂ ಅವ್ರು ವೇದಿಕೆಗೆ ಬರ್ಬೇಕು!”

ಬೇಡ ಬೇಡ ಎಂದು ಕೈಯಾಡಿಸಿದೆ. ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಶಾಲು ಬಿತ್ತು, ಪೇಟ ಕಿವಿಯವರೆಗೆ ಇಳಿಯಿತು. “ಎರಡೇ ಎರಡು ಮಾತು ಮೇಡಂ” ಎಂದು ಮೈಕು ಕೊಟ್ಟರು. ‘ಸನ್ಮಾನ ಬೇಡ, ಹಾಡು ನಡೆಯಲಿ’ ಎಂದಷ್ಟೇ ಹೇಳಿ ಇಳಿಯಬೇಕು ಎಂದುಕೊಂಡಿದ್ದೆ, ನಿಜವಾಗಿಯೂ. ಆದರೆ ಸಂಜೆಯಿಡೀ ಕುದಿದ ಕೋಪ, ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಎದುರಿಗೆ ಇನ್ನೂರು ತಲೆ. ಸನ್ಮಾನಗಳು ಸಂಗೀತದ ಕತ್ತು ಹಿಸುಕುವ ಬಗ್ಗೆ ಮಾತಾಡಿದೆ. ಬೇಗೂರಿನ ಕಲ್ಲನ್ನೂ ಬಿಡಲಿಲ್ಲ. ಜನ ನಕ್ಕರು, ನಾನು ಇನ್ನಷ್ಟು ಉಬ್ಬಿದೆ. ಚಪ್ಪಾಳೆಯ ನಡುವೆ ಇಳಿದಾಗ ಏಳಕ್ಕೆ ಎರಡು ನಿಮಿಷವಿತ್ತು. ಕಾರ್ಯದರ್ಶಿಗಳು ವಂದನಾರ್ಪಣೆ ಮಾಡಿ ಮೈಕು ಆರಿಸಿದರು.

ಮುನಿರಾಜು ತಮಟೆಯನ್ನು ಚೀಲಕ್ಕೆ ಹಾಕುತ್ತಿದ್ದ. “ಚೆನ್ನಾಗ್ ಮಾತಾಡಿದ್ರಿ ಮೇಡಂ. ನಮ್ ಮನಸಲ್ಲಿರೋದೇ ಹೇಳಿದ್ರಿ” ಎಂದ. ಅವನ ದನಿಯಲ್ಲಿ ವ್ಯಂಗ್ಯವೇ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮರುದಿನ ಸಂಘದ ಗ್ರೂಪಿನಲ್ಲಿ ನನ್ನ ಭಾಷಣದ ವಿಡಿಯೊ ಬಂತು, ಪೂರ್ತಿ ಹದಿನೆಂಟು ನಿಮಿಷ. ‘ಸೂಪರ್ ಮೇಡಂ’ ಎಂದು ಸಾಲುಸಾಲು ಮೆಚ್ಚುಗೆ. ಒಬ್ಬಳೇ ಕೂತು ನೋಡಿದೆ. ಮುಂದೆ ಪೇಟ ಧರಿಸಿದ ಹೆಂಗಸೊಬ್ಬಳು ಕೈ ಬೀಸಿ ಬೀಸಿ ಮಾತಾಡುತ್ತಿದ್ದಾಳೆ. ಅವಳ ಹೆಗಲ ಹಿಂದೆ ಮುನಿರಾಜು ನಿಂತಿದ್ದಾನೆ. ಹೆಬ್ಬೆರಳಿನಿಂದ ತಮಟೆ ಒತ್ತಿ ನೋಡುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತುತ್ತಾನೆ. ಕೊನೆಗೆ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಕೈಕಟ್ಟುತ್ತಾನೆ. ಹೆಂಗಸು ಇನ್ನೂ ಮಾತಾಡುತ್ತಲೇ ಇದ್ದಾಳೆ.

“ಸಾಕು, ಇಳಿಯಮ್ಮ ಕೆಳಗೆ!” ಎಂದು ಫೋನಿಗೆ ಕಿರುಚಿದೆ.