ಆಡು ಉಗುಳಿದ ಬಾರಿಬೀಜ

ನಮ್ಮ ಹಿತ್ತಲಿನ ಬಾರಿಗಿಡ ಈ ಸಂಕ್ರಾಂತಿಗೆ ಮೊದಲ ಸಲ ಹಣ್ಣು ಬಿಟ್ಟಿತು. ಆ ಖುಷಿ ಹೊಟ್ಟೆಯಲ್ಲಿ ಹಿಡಿಸದೆ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಗಿಡದಲ್ಲಿ ಅರ್ಧ ಪಾಲು ಅವಳದು. ಇನ್ನರ್ಧ ನನ್ನದೆಂದುಕೊಂಡೀರಿ, ಅಲ್ಲ, ಅದು ಆಡಿನದು.

ನನ್ನ ತವರು ತೊರಗಲ್ ಕೋಟೆಯ ಕೆಳಗೆ. ಅಲ್ಲಿ ನಮ್ಮ ಹೊಲದ ದಾರಿಯಲ್ಲಿ ಒಂದು ಬಾರಿಗಿಡವಿತ್ತು. ಬಾರಿಹಣ್ಣೇನು, ಬೋರೆ ಎನ್ನಿ ಎಲಚಿ ಎನ್ನಿ, ಎಲ್ಲ ಕಡೆ ಸಿಗುತ್ತದೆ. ಸವದತ್ತಿ ಸಂತೆಗೆ ಈಗೀಗ ಸೇಬಿನ ಮರಿಯಂಥ ದಪ್ಪ ಹಣ್ಣೂ ಬರುತ್ತವೆ, ತಿಂದರೆ ನೀರು ಕುಡಿದ ಹಾಗೆ. ನಮ್ಮ ಗಿಡದ್ದು ಹೆಬ್ಬೆರಳಿನ ತುದಿಯಷ್ಟೇ. ಮಾಗಿ ಸುಕ್ಕಾದ ಮೇಲೆ ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ಬೆಲ್ಲ, ಕಡೆಗೆ ನಾಲಿಗೆಯ ಹಿಂದೆ ಎಲ್ಲೋ ಒಂದು ಘಮ. ನಾನು ಮದುವೆಯಾಗಿ ಉಗರಗೋಳಕ್ಕೆ ಬಂದು ಎಷ್ಟೋ ಕಾಲವಾದರೂ ಪ್ರತಿ ಚಳಿಗಾಲ ನನ್ನ ತಮ್ಮ ಒಂದು ಚೀಲ ಹಣ್ಣು ಕಳಿಸುವುದನ್ನು ಬಿಟ್ಟಿರಲಿಲ್ಲ.

ನಾಲ್ಕು ವರ್ಷದ ಹಿಂದೆ ದಾರಿ ಅಗಲ ಮಾಡುವಾಗ ಆ ಗಿಡ ಹೋಯಿತು. ತಮ್ಮ ಫೋನಿನಲ್ಲಿ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಮೊಮ್ಮಗಳು ಆಗ ಮೂರನೇ ಇಯತ್ತೆ, ಓದಿನಲ್ಲಿ ನನಗೆ ಸರಿಸಮ.

“ಆಯೀ, ಅಳಬ್ಯಾಡ. ಭರಣ್ಯಾಗ ಇನ್ನೂ ಹಣ್ಣು ಅದಾವಲ್ಲ? ಬೀಜ ಹಚ್ಚೋಣು,” ಎಂದಳು.

ಹೌದಲ್ಲ! ಇಬ್ಬರೂ ಕೂಡಿ ಹಾಲಿನ ಖಾಲಿ ಪಾಕೀಟುಗಳಲ್ಲಿ ಮಣ್ಣು ತುಂಬಿ ಬೀಜ ಊರಿದೆವು. “ಆ ಗಿಡದ ಹಣ್ಣು ನಮ್ಮ ಹಿತ್ತಲದಾಗ ನಿನ್ನ ಕೈಲೇ ಹರಕೊಂಡು ತಿನ್ನಂಗ ಮಾಡತೇನಿ,” ಎಂದು ಮಾತು ಕೊಟ್ಟುಬಿಟ್ಟೆ. ಅವಳು ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಪಾಕೀಟು ನೋಡುವವಳು. ಒಂದು ತಿಂಗಳಾಯಿತು, ಎರಡಾಯಿತು. ಹುಲ್ಲು ಹುಟ್ಟಿತೇ ಹೊರತು ಬಾರಿ ಹುಟ್ಟಲಿಲ್ಲ. ತಮ್ಮನನ್ನು ಕೇಳಿದೆ.

“ಯಾವ ಬೀಜ ಹಚ್ಚೀದಿ ಅಕ್ಕಾ?”

“ಭರಣ್ಯಾಗಿನವು.”

“ಉಪ್ಪು ಹಚ್ಚಿ ಒಣಗಿಸಿದ್ದವಾ?” ಅವನು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. “ಉಪ್ಪಿನಕಾಯಿ ಹೂತು ಮಾವಿನ ತ್ವಾಟಾ ಮಾಡಾಕ ಹೊಂಟೀಯಲ್ಲ ನಮ್ಮವ್ವಾ!”

ಹುಳ ಹತ್ತಬಾರದೆಂದು ಚೀಲ ಬಂದ ದಿನವೇ ಹಣ್ಣಿಗೆ ಉಪ್ಪು ಸವರಿ ಮಾಳಿಗೆಯ ಮೇಲೆ ಒಣಗಿಸುವುದು ನಮ್ಮ ರೂಢಿ. ಕೈ ತನ್ನಷ್ಟಕ್ಕೆ ಮಾಡುವ ಕೆಲಸ, ನೆನಪೇ ಆಗಿರಲಿಲ್ಲ. ನನಗೂ ನಗು ಬಂತು. ಮೊಮ್ಮಗಳಿಗೆ ಬರಲಿಲ್ಲ.

“ನೀನ ಉಪ್ಪು ಹಾಕಿ ಕೊಂದಿ,” ಎಂದು ಹೇಳಿ ಒಳಗೆ ಹೋದಳು.

ಆ ಮಾತು ಎರಡು ದಿನ ನನ್ನನ್ನು ತಿಂದಿತು. ಮೂರನೆಯ ದಿನ ಪಕ್ಕದ ಮನೆಯ ಆಡು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿರುವುದನ್ನು ನೋಡುತ್ತ ಕೂತಿದ್ದೆ. ತಟ್ಟನೆ ನನ್ನ ಅಂಗಾಲು ಚುಚ್ಚಿದ ಹಾಗಾಯಿತು. ಬಾರಿಬೀಜ! ಚಿಕ್ಕವಳಿದ್ದಾಗ ತವರಿನಲ್ಲಿ ಆಡಿನ ದಡ್ಡಿ ಗುಡಿಸುವ ಪಾಳಿ ನನ್ನದು. ಆಡುಗಳು ಹಗಲೆಲ್ಲ ಆ ಗಿಡದ ಕೆಳಗೆ ಹಣ್ಣು ನುಂಗುತ್ತಿದ್ದವು. ದಡ್ಡಿಗೆ ಬಂದು ಮಲಗಿ ಮೆಲುಕು ಹಾಕುವಾಗ ಬೀಜವನ್ನಷ್ಟೇ ಉಗುಳುತ್ತಿದ್ದವು. ಬೆಳಗ್ಗೆ ಬರಿಗಾಲಲ್ಲಿ ಹೋದರೆ ಹೆಜ್ಜೆಗೊಂದು ಬೀಜ. ತೊಳೆದಿಟ್ಟ ಹಾಗೆ ಇರುತ್ತಿದ್ದವು, ಉಪ್ಪಿಲ್ಲ ಏನಿಲ್ಲ.

ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ತವರಿಗೆ ಹೋಗಲು ರಾಮದುರ್ಗದ ಬಸ್ಸು ಹತ್ತಿದೆ. ತಮ್ಮನ ಮನೆಯಲ್ಲಿ ಚಹಾ ಸಹ ಕುಡಿಯದೆ ದಡ್ಡಿಗೆ ನಡೆದೆ. ಅಲ್ಲಿ ನೋಡಿದರೆ ನೆಲ ಕನ್ನಡಿಯ ಹಾಗಿದೆ.

“ಗೊಬ್ಬರೆಲ್ಲಾ ಮಳಿಗಿಂತ ಮೊದಲ ಹೊಲಕ್ಕ ಹೇರೇನಿ ಅಕ್ಕಾ. ಅದರ ಮ್ಯಾಲೆ ನೇಗಿಲಾನೂ ಹೊಡದೇನಿ,” ಎಂದ ತಮ್ಮ.

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ದಡ್ಡಿಯ ಒಳಮೂಲೆ ನೋಡಿದೆ. ಅಲ್ಲಿ ಗೋಡೆಗೂ ನೀರಿನ ಕಲ್ಲುದೋಣಿಗೂ ನಡುವೆ ಒಂದು ಗೇಣು ಸಂದಿ. ನಾನು ಗುಡಿಸುವಾಗ ಬೇಸರಕ್ಕೆ ಕಸವನ್ನೆಲ್ಲ ಅಲ್ಲಿಗೇ ತಳ್ಳಿ, ಅವ್ವನಿಂದ ಬೈಸಿಕೊಂಡ ಸಂದಿ ಅದು. ತಮ್ಮನ ಹೆಂಡತಿಯನ್ನು ಕೇಳಿದೆ, “ಖರೇ ಹೇಳವಾ, ಆ ಸಂದ್ಯಾಗ ಕಸಬರಿಗಿ ಹಾಕತಿಯೇನು?”

ಅವಳು ಸೆರಗು ಬಾಯಿಗೆ ಹಿಡಿದಳು. “ಯಾರಿಗೂ ಕಾಣಂಗಿಲ್ಲಲ್ರೀ ಅಕ್ಕಾರ ಅದು...”

“ನೀನು ನಮ್ಮ ಮನಿ ಸೊಸಿ ನೋಡವಾ!” ಎಂದೆ.

ಮೊಮ್ಮಗಳು ಸಂದಿಗೆ ಕೈ ಹಾಕಿ ಒಣ ಹಿಕ್ಕೆ, ಕಡ್ಡಿ, ಧೂಳು ಎಲ್ಲ ಎಳೆದು ಹಾಕಿದಳು. ನಮ್ಮ ಗಿಡದ ಬೀಜ ಉದ್ದ, ಎರಡೂ ತುದಿ ಚೂಪು. ಕಾಡುಬಾರಿಯದು ಸಣ್ಣ, ದುಂಡಗೆ. ಆರಿಸಿದಾಗ ನಮ್ಮವು ಹನ್ನೊಂದು ಸಿಕ್ಕವು. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ. ಬಸ್ಸಿನಲ್ಲಿ ಮೊಮ್ಮಗಳು ಮೂರು ಸಲ ಗಂಟು ಮುಟ್ಟಿ ನೋಡಿದಳು.

ಮೂರು ಮೊಳೆತವು. ಒಂದು ಬಿಸಿಲಿಗೆ ಬಾಡಿತು. ಒಂದನ್ನು ಪಕ್ಕದ ಮನೆಯ ಆಡು ತಿಂದಿತು. ಕೊಟ್ಟದ್ದೂ ಆಡು, ತಿಂದದ್ದೂ ಆಡು, ಯಾರಿಗೆ ಬೈಯುವುದು? ಉಳಿದದ್ದಕ್ಕೆ ಬೇಲಿ ಕಟ್ಟಿ, ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದೆವು. ಈಗ ಅದು ನನ್ನ ತಲೆಗಿಂತ ಎತ್ತರ.

ಸಂಕ್ರಾಂತಿಗೆ ತಮ್ಮ ಬಂದ. ಪಿಕಳಾರ ಹಕ್ಕಿಗಳು ಮೊದಲೇ ಪಾಲು ಕೇಳಲು ಬಂದಿದ್ದರಿಂದ ಮೊಮ್ಮಗಳು ಗಿಡಕ್ಕೆ ನನ್ನ ಹಳೆಯ ಸೀರೆ ಹೊದಿಸಿದ್ದಳು. ಸೀರೆ ಸರಿಸಿ ತನ್ನ ಕೈಯಿಂದಲೇ ಮೂರು ಹಣ್ಣು ಹರಿದಳು. ತಮ್ಮ ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದ.

“ಹುಳಿ ಸ್ವಲ್ಪ ಜಾಸ್ತಿ ಐತಿ,” ಎಂದ.

ಬಾಯಿಯ ಹತ್ತಿರ ಒಯ್ದಿದ್ದ ನನ್ನ ಹಣ್ಣನ್ನು ಕೆಳಗಿಳಿಸಿದೆ. ಅವನು ಇನ್ನೂ ಚೀಪುತ್ತಿದ್ದ.

“ತಡಿ, ತಡಿ... ಬಂತು! ಆ ವಾಸನಿ ಬಂತು ಅಕ್ಕಾ! ಅದ ಗಿಡ ಇದು!”

ನಾನೂ ಬಾಯಿಗೆ ಹಾಕಿಕೊಂಡೆ. ಹೌದು, ನಾಲಿಗೆಯ ಹಿಂದೆ, ಅದೇ.

ನನ್ನ ಸೊಸೆ, ಮೊಮ್ಮಗಳ ತಾಯಿ, ಒಳಗಿನಿಂದ ತಟ್ಟೆ ತಂದಳು. “ಬೀಜ ಇದರಾಗ ಹಾಕ್ರಿ ಅತ್ತೀ, ಉಪ್ಪು ಮುಟ್ಟಸಂಗಿಲ್ಲ ನಾ,” ಎಂದು ನಕ್ಕಳು.

“ಬ್ಯಾಡಬೇ ಅವ್ವಾ,” ಎಂದಳು ಮೊಮ್ಮಗಳು. “ಇವತ್ತ ಆಡು ನಾವ!” ಎಂದವಳೇ ಬೇಲಿಯಾಚೆಗೆ ಥೂ ಎಂದು ಬೀಜ ಉಗುಳಿದಳು. ತಮ್ಮನೂ ಹುರುಪಿನಿಂದ ಎದೆ ಉಬ್ಬಿಸಿದ.

“ಮುತ್ಯಾ, ಹಲ್ಲಿನ ಸೆಟ್ ಹಿಡಕೋ!” ಎಂದು ಅವಳು ಕೂಗಿದಳು. ಅವನ ಬೀಜ ಬೇಲಿಗೆ ಬಡಿದು ಇತ್ತಲೇ ಬಿತ್ತು.

ನನ್ನದು ನನ್ನ ಮಡಿಲಿಗೇ ಬಿತ್ತು. ನಗುವಿನಲ್ಲಿ ಉಸಿರು ಸಿಗಲಿಲ್ಲ. ಮೊಮ್ಮಗಳು ಇನ್ನೊಂದು ಹಣ್ಣು ಹರಿದು ನನ್ನ ಬಾಯಿಗಿಟ್ಟಳು. ಅವಸರ ಮಾಡದೆ, ಬೀಜ ತೊಳೆದಿಟ್ಟ ಹಾಗಾಗುವವರೆಗೆ ಚೀಪಿ, ಉಸಿರು ಕಟ್ಟಿ ಉಗುಳಿದೆ. ಬೇಲಿ ದಾಟಿತು.