ಅಮ್ಮ ಮಾಡಿಸಿಕೊಂಡ ಆಣೆ

ಕಾಲೇಜಿನ ನಾಲ್ಕು ವರ್ಷ ನಾನು ಫುಟ್‌ಬಾಲ್ ಆಡಿದೆ. ಕಾಲಲ್ಲಿ ಒದೆಯುತ್ತಾ ಓಡುವ ಆಟವಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್‌ಬಾಲ್. ಡಿಫೆನ್ಸಿವ್ ಬ್ಯಾಕ್ ಆಗಿ ಎದುರಾಳಿಯ ಬೆನ್ನು ಬಿಡದೆ ಓಡುವುದು ನನ್ನ ಖಾಯಂ ಕೆಲಸ. ಅದರಲ್ಲಿ ನನ್ನನ್ನು ಬೈಯುವವರಿರಲಿಲ್ಲ. ತಕರಾರೆಲ್ಲ ಇನ್ನೊಂದು ಕೆಲಸದ್ದು, ಪಂಟ್ ರಿಟರ್ನ್. ಎದುರಿನವರು ಚೆಂಡನ್ನು ಆಕಾಶಕ್ಕೆ ಒದೆಯುತ್ತಾರೆ. ಇತ್ತ ದೂರದಲ್ಲಿ ನಾನೊಬ್ಬನೇ ಕತ್ತೆತ್ತಿ ಕಾಯಬೇಕು. ಚೆಂಡು ಕೈಗೆ ಬರುವಷ್ಟರಲ್ಲಿ ಅವರ ತಂಡವೆಲ್ಲ ಮೈಮೇಲೆ ಬಂದಿರುತ್ತದೆ. ಹಿಡಿದು ಓಡಿದರೆ ಹೀರೊ. ಬೇಡವೆಂದರೆ ಹಿಡಿಯುವ ಮೊದಲೇ ಒಂದು ಕೈ ಎತ್ತಿ ಬೀಸಬಹುದು. ಆಗ ಯಾರೂ ನನ್ನನ್ನು ಮುಟ್ಟುವಂತಿಲ್ಲ, ನಾನೂ ಓಡುವಂತಿಲ್ಲ.

ಎರಡನೇ ವರ್ಷ ಹೀಗೆ ಓಡಲು ಹೋಗಿ ಭುಜದ ಮೂಳೆ ಮುರಿದುಕೊಂಡೆ. ಆಸ್ಪತ್ರೆಯಿಂದ ಹಿಲ್ಸ್‌ಬರೋ ಊರಿನ ನಮ್ಮ ಮನೆಗೆ ಬಂದ ದಿನವೇ ಅಮ್ಮ ನನ್ನ ಇನ್ನೊಂದು ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಆಣೆ ಮಾಡು. ಯಾರಾದ್ರೂ ಹತ್ತಿರ ಬಂದ್ರೆ ಕೈ ಎತ್ತಿಬಿಡ್ತೀನಿ ಅನ್ನು."

"ಅಮ್ಮಾ, ಕಮಾನ್, ಇದೆಲ್ಲ ಸಿಲ್ಲಿ."

"ಸಿಲ್ಲಿನೋ ಗಿಲ್ಲಿನೋ, ಮಾಡು!"

ಮಾಡಿದೆ. ಆಣೆ ಮುರಿದರೆ ಯಾರ ತಲೆಗೂ ಏನೂ ಆಗುವುದಿಲ್ಲವೆಂದು ಬಯಾಲಜಿ ಓದುತ್ತಿದ್ದ ನನಗೆ ಗೊತ್ತಿರಲಿಲ್ಲವೇ? ಆದರೂ ಗಾಯ ಮಾಗಿ ಮೈದಾನಕ್ಕೆ ಮರಳಿದ ಮೇಲೆ ಚೆಂಡು ಬಂದಾಗಲೆಲ್ಲ ಕೈ ಎತ್ತಿದೆ. ಕೋಚ್ ಸಿಡಿಮಿಡಿಗೊಂಡರು. ಜೊತೆಯವರು, ನೋಡ್ರೋ, ಮ್ಯಾನ್‌ಹ್ಯಾಟನ್‌ನಲ್ಲಿ ಟ್ಯಾಕ್ಸಿ ಕರೀತಿದ್ದಾನೆ ಎಂದು ನಕ್ಕರು. ನಾನು ಒಳಗೊಳಗೇ ಅಮ್ಮನನ್ನು ಬೈದುಕೊಂಡೆ. ಇವಳ ಆಣೆಯೊಂದು ಇಲ್ಲದಿದ್ದರೆ ಎಷ್ಟು ಓಡುತ್ತಿದ್ದೆನೋ! ಕೊನೆಗೆ ಆ ಕೆಲಸ ಬೇರೆಯವನ ಪಾಲಾಯಿತು.

ಕೊನೆಯ ವರ್ಷದ ಕೊನೆಯ ಪಂದ್ಯದ ದಿನ ಆಟಗಾರರ ಅಪ್ಪ ಅಮ್ಮಂದಿರನ್ನು ಮೈದಾನಕ್ಕೆ ಕರೆದು ಹೂ ಕೊಡುವ ಪದ್ಧತಿ. ದಪ್ಪ ಜಾಕೆಟ್ಟಿನ ಕೆಳಗೆ ರೇಷ್ಮೆ ಸೀರೆಯ ಅಂಚು ಎಳೆದುಕೊಂಡು ಬಂದ ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಆ ಆಣೆ ಬಿಟ್ಟಿದ್ದೀನಿ ಕಣೋ. ಇವತ್ತು ಚಾನ್ಸ್ ಸಿಕ್ಕಿದ್ರೆ ಓಡು."

ಅಬ್ಬಾ, ಬಿಟ್ಟಳಲ್ಲ! ಈಗ ನೋಡಲಿ ಎಲ್ಲರೂ ಎಂದುಕೊಂಡೆ. ಆಟದ ನಡುವೆ ಆ ಬೇರೆಯವನ ಕಾಲು ಉಳುಕಿತು, ಕೋಚ್ ನನ್ನನ್ನು ಕಳಿಸಿದರು. ಚೆಂಡು ಮೇಲೇರಿ ಇಳಿಯತೊಡಗಿತು. ಎದುರಾಳಿಗಳು ಇನ್ನೂ ದೂರದಲ್ಲಿದ್ದರು, ಮುಂದೆ ಬರೀ ಹುಲ್ಲು. ನನ್ನ ಕೈ ತಾನಾಗಿ ಮೇಲೆದ್ದಿತು.

ನಾನು ಮನೆಗೆ ಡ್ರೈವ್ ಮಾಡುವಾಗ ಅಮ್ಮ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ನಾಚಿಕೆಯಿಂದ ನನಗೆ ಸತ್ತುಹೋಗುವಂತಾಗಿತ್ತು.

"ಅಮ್ಮಾ, ಇವತ್ತು ಆಣೆ ಇರ್ಲಿಲ್ಲ. ಆದ್ರೂ ಎತ್ತಿದೆ. ಐ ವಾಸ್ ಸ್ಕೇರ್ಡ್. ಮೂಳೆ ಮುರಿದಾಗಿಂದ್ಲೂ."

"ಗೊತ್ತು."

"ಗೊತ್ತಿತ್ತಾ?"

"ಆಸ್ಪತ್ರೇಲಿ ನೀನು ನಿದ್ದೇಲೂ ಬೆಚ್ಚಿ ಬೀಳ್ತಿದ್ದೆ. ಆಟ ಬಿಡು ಅಂದ್ರೆ ಬಿಡೋನಲ್ಲ, ಭಯ ಅಂತ ಬಾಯ್ಬಿಟ್ಟು ಹೇಳೋನೂ ಅಲ್ಲ. ಬೈಕೊಳ್ಳೋಕೆ ಯಾರಾದ್ರೂ ಬೇಕಿತ್ತಲ್ವೇನೋ ನಿಂಗೆ? ಅದಕ್ಕೇ ಆಣೆ ಮಾಡಿಸ್ಕೊಂಡೆ."