ಬೂದಿಯಲ್ಲಿ ಉಜ್ಜಿದ ಹಲ್ಲು

ಎದುರುಮನೆಯ ಕಾಂಪೌಂಡರ್ ಮಾವನ ಬಲಗೈಯ ಎರಡು ಬೆರಳುಗಳ ಮೇಲೆ ಸದಾ ಟಿಂಚರಿನ ಕಂದು ಕಲೆ. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಜರ್ಮನಿ ಯುದ್ಧದ ದಂಡಿನಲ್ಲಿ ಹಲ್ಲಿನ ಡಾಕ್ಟರ ಕೈಕೆಳಗಿದ್ದು ಬಂದವರು, ಅರಕೆರೆಯ ತಮ್ಮ ಜಗಲಿಯಲ್ಲೇ ಹಲ್ಲು ನೋಡುತ್ತಿದ್ದರು. ಕೀಳಲು ಮನಸ್ಸೇ ಇಲ್ಲ. ಅಲುಗುವ ಹಲ್ಲಿನವರಿಗೆ ಉಪ್ಪುನೀರು ಮುಕ್ಕಳಿಸಲು ಹೇಳಿ, ಇನ್ನೆಂಟು ದಿನ ಇರಲಿ, ಎಲ್ಲೂ ಓಡಿಹೋಗಲ್ಲ ಎಂದು ಕಳಿಸಿಬಿಡುವರು.

ಒಮ್ಮೆ ಕುರಿಯ ದವಡೆ ಸೀಳಿ, ಭೂತಗನ್ನಡಿ ಹಿಡಿದು ನನಗೂ ತಂಗಿಗೂ ತೋರಿಸಿದ್ದರು. ಬೇರಿಗೂ ಮೂಳೆಗೂ ನಡುವೆ ಕೂದಲೆಳೆಯಷ್ಟು ಸಂದು, ಅದರ ತುಂಬ ಓರೆಯಾಗಿ ಹಾಯ್ದ ಬಿಳಿ ನಾರುಗಳು.

"ಹಲ್ಲು ಮೊಳೆ ಹೊಡ್ದಂಗಿಲ್ಲ ಕಣವ್ವ. ನೆಲುವಿನಾಗೆ ಮಡಕೆ ತೂಗಾಕ್ದಂಗೆ ಅದೆ. ಕಚ್ಚಿದ್ರೆ ಈ ಎಳೆ ಬಿಗೀತವೆ, ಭಾರ ಹೊರ್ತವೆ."

ಆ ವರ್ಷವೇ ತಂಗಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಮುಂದಿನ ಹಲ್ಲೊಂದು ಬೇರುಸಮೇತ ಗಂಜಲದಲ್ಲಿ ಬಿತ್ತು. ವಾರದಲ್ಲಿ ನಾಗಮಂಗಲದ ಕಡೆಯಿಂದ ಗಂಡಿನವರು ಬರುವವರಿದ್ದರು. ಒಮ್ಮೆ ಉಪ್ಪುನೀರಿಗೆ ಅದ್ದಿ ತಾ, ಬೇರು ಮುಟ್ಟಬೇಡ ಎಂದು ಮಾವ ಜಗಲಿಯಿಂದಲೇ ಕೂಗಿದರು. ಗಂಜಲದಲ್ಲಿ ಬಿದ್ದದ್ದನ್ನು ಹಾಗೇ ಬಾಯಿಗಿಡುವುದೆ? ಪಾತ್ರೆ ಬೆಳಗುವ ಬೂದಿ, ತೆಂಗಿನ ನಾರು ತೆಗೆದುಕೊಂಡು ಬೇರು ಬೆಳ್ಳಗಾಗುವವರೆಗೂ ಉಜ್ಜಿದೆ.

ಮಾವ ಹಲ್ಲನ್ನು ತಿರುಗಿಸಿ ನೋಡಿದರು.

"ಉಜ್ಜಿದ್ಯೇನವ್ವ?"

"ಇಲ್ಲ ಮಾವ."

ಮಾವ ಅದನ್ನು ತಂಗಿಯ ಒಸಡಿನ ಸಂದಿನಲ್ಲಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ರೇಷ್ಮೆ ದಾರದಿಂದ ಕಟ್ಟಿದರು. ಗಂಡಿನವರು ಬಂದರು, ಒಪ್ಪಿದರು. ತಿಂಗಳು ಕಳೆದು, ದಾರ ಬಿಚ್ಚಿದ ಮೇಲೆ, ನಿಶ್ಚಿತಾರ್ಥದ ಊಟಕ್ಕೆ ಕೂತಾಗ ತಂಗಿ ಒಬ್ಬಟ್ಟು ಕಚ್ಚಿದಳು, ಹಲ್ಲು ಎಲೆಯ ಮೇಲೆ ಬಿತ್ತು. ಹುಸಿ ಹಲ್ಲು ಕಟ್ಟಿ ಮೋಸ ಮಾಡಿದಿರಿ ಎಂದು ಗಂಡಿನವರು ಎದ್ದು ಹೋದರು.

ಅಪ್ಪ ಬೀದಿಯಲ್ಲಿ ನಿಂತು, ಊರು ಕೇಳುವಂತೆ ಅಂದರು: "ದಂಡಿನಾಗೆ ಕುದುರೆ ಹಲ್ಲು ಕಟ್ತಿದ್ದೇನ್ಲಾ ನೀನು?"

ನಾನು ಬಾಗಿಲ ಹಿಂದಿದ್ದೆ. ಮಾವ ಒಂದು ಸಲ ನನ್ನತ್ತ ನೋಡಿದರು. ಎಳೆಗಳೆಲ್ಲ ಉಜ್ಜಿಹೋದ ಬಿಳಿ ಬೇರು ಕಂಡ ದಿನವೇ ಅವರಿಗೆ ಎಲ್ಲ ಗೊತ್ತಾಗಿತ್ತು.

"ನನ್ನ ಕೈಯೇ ಸರಿಯಾಗಿ ಕೂರಿಸ್ನಿಲ್ಲ, ಗೌಡ್ರೇ," ಎಂದರು.

ಉಜ್ಜಿದ್ದು ನಾನೇ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಆಡಲಿಲ್ಲ. ಅಂದಿನಿಂದ ಆ ಜಗಲಿಗೆ ಯಾರೂ ಹತ್ತಲಿಲ್ಲ. ತಂಗಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ಮಾವ ಹಿರೋಡೆ ಊರಿನಲ್ಲಿದ್ದ ಮಗಳ ಮನೆ ಸೇರಿ ಎರಡು ವರ್ಷಕ್ಕೆ ತೀರಿಕೊಂಡರು. ಸುದ್ದಿ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು.

"ಹುಸಿ ಹಲ್ಲಿನವ್ನು ಹೋದ್ನಂತೆ," ಎಂದರು.

ನಾನು ಅವರ ಮುದ್ದೆಗೆ ಸಾರು ಬಿಟ್ಟು, ಉಪ್ಪು ಸಾಕಾ ಎಂದು ಕೇಳಿದೆ.